ಮೊಣಕಾಲು ಕೇಳಿದ ತಟ್ಟು

ಇಂದುಮತಿಯ ಬಲಮೊಣಕಾಲಿಗೆ ಸುತ್ತಿದ್ದ ಕೀಲುಗಿವಿ ಕೆಂಪು ದೀಪ ಬೆಳಗಿಸಿ, ‘ನಿಷಿದ್ಧ ಪೆಟ್ಟು. ವೈದ್ಯರಿಗೆ ದೂರು ಕಳಿಸಲಾಗಿದೆ’ ಎಂದು ನಯವಾಗಿ ಹೇಳಿತು. ಚಾಡಿ ಹೇಳಲೂ ಒಂದು ನಯ ಬೇಕಲ್ಲ!

ಕೀಲುಗಿವಿ ಎಂದರೆ ಅಂಗೈ ಅಗಲದ ಮೆತ್ತನೆಯ ಪಟ್ಟಿ. ಮೊಣಕಾಲಿನ ಮೂಳೆಗಳ ನಡುವಿನ ಮೃದ್ವಸ್ಥಿ ಸವೆದರೆ ಕೀಲು ಸಣ್ಣಗೆ ಗೊರಗೊರ ಎನ್ನುತ್ತದೆ. ನಮ್ಮ ಕಿವಿಗೆ ಬೀಳದ ಆ ಸದ್ದನ್ನು ಕೇಳಿ, ಗಾಯ ಎಷ್ಟು ಮಾಗಿದೆ ಎಂದು ಅದು ತಿಳಿಸುತ್ತಿತ್ತು. ಅದನ್ನು ರೂಪಿಸಿದವರು ವಿಜಯಪುರದ ಕೀಲು ಸಂಶೋಧನಾಲಯದ ಡಾ. ತಬಸ್ಸುಮ್ ಇನಾಮದಾರ್. ಮೃದ್ವಸ್ಥಿಯನ್ನು ಮತ್ತೆ ಚಿಗುರಿಸುವ ಬೀಜದ್ರವವೂ ಅವರದೇ. ಆದರೆ ಯಾರ ಕಾಲಿನಲ್ಲೂ ಚಿಗುರು ಮುಕ್ಕಾಲು ಪಾಲು ಬೆಳೆದು ನಿಂತುಬಿಡುತ್ತಿತ್ತು. ನಡೆಯಲು ಸಾಕು, ಓಡಲು ಸಾಲದು.

ಇಂದುಮತಿಗೆ ಓಡಲೇಬೇಕಿತ್ತು. ಅವಳು ಖೋಖೋ ಆಟಗಾರ್ತಿ. ಕಂಬದತ್ತ ಜಿಗಿಯುವಾಗ ಮೊಣಕಾಲು ತಿರುಚಿ ಮೃದ್ವಸ್ಥಿ ಚೂರಾಗಿತ್ತು. ಡಾಕ್ಟರು ಬೀಜದ್ರವ ಹಾಕಿ, ಕಾಲು ಅಲುಗಾಡಿಸದೆ ಕೂರಲು ಹೇಳಿದ್ದರು. ರಾಜ್ಯ ತಂಡದ ಆಯ್ಕೆಗೆ ಹತ್ತೇ ದಿನ ಉಳಿದಿತ್ತು. ಪಟ್ಟಿ ಹಸಿರು ತೋರದಿದ್ದರೆ ಅಂಗಳಕ್ಕೆ ಬಿಡುವುದಿಲ್ಲ. ವಯಸ್ಸು ಇಪ್ಪತ್ತೇಳು, ಈ ಸಲ ತಪ್ಪಿದರೆ ಆಟ ಮುಗಿದಂತೆಯೇ.

ದೂರು ತಲುಪಿದ ಸಂಜೆಯೇ ಡಾಕ್ಟರು ಮನೆಗೆ ಬಂದರು.

“ಖರೇ ಹೇಳು, ಕದ್ದು ಜಿಗ್ಯಾಕತ್ತೀಯಲ್ಲ? ದಿನಾ ಸಂಜೀಕ ಎರಡು ತಾಸು, ಸೆಕೆಂಡಿಗೆ ಮೂರು ಪೆಟ್ಟು. ಎಲ್ಲಾ ದಾಖಲಾಗೇತಿ.”

“ನಮ್ಮವ್ವನ ಆಣೀ, ಜಿಗಿದಿಲ್ರಿ! ನೀವು ಕುಂದ್ರು ಅಂದ್ರಿ, ಕುಂತೀನಿ.”

“ಕುಂತು ಏನ್ ಮಾಡ್ತಿ?”

“ರೊಟ್ಟಿ ಬಡೀತೀನ್ರಿ.”

ತಾಯಿ ದಾನಮ್ಮ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಿದ್ದಳು. ಸುಮ್ಮನೆ ಕೂರಲಾರದ ಮಗಳು ಅವಳ ಪಕ್ಕ ಕೂತಿದ್ದಳು, ಅಷ್ಟೇ.

“ಬಡದು ತೋರ್ಸು” ಎಂದರು ಡಾಕ್ಟರು.

ಇಂದುಮತಿ ನೆಲದ ಮೇಲೆ ಕೂತು, ಮರದ ಮಣೆ ಜರುಗದಂತೆ ಬಲಮೊಣಕಾಲನ್ನು ಅದರ ಅಂಚಿಗೆ ಒತ್ತಿದಳು. ದಾನಮ್ಮನ ಮನೆಯಲ್ಲಿ ಎಲ್ಲರೂ ಕೂರುವುದು ಹಾಗೆಯೇ. ತಟ್ ತಟ್ ತಟ್. ಒಂದೊಂದು ತಟ್ಟೂ ಮಣೆಯಿಂದ ನೇರ ಕೀಲಿಗೆ ಇಳಿಯಿತು.

ಡಾಕ್ಟರು ಪಟ್ಟಿಯ ದಾಖಲೆ ತೆರೆದು, ತಟ್ಟಿನ ಸದ್ದನ್ನು ಅಳಿಸಿ, ಉಳಿದದ್ದನ್ನು ಕೇಳಿದರು. ಏನೂ ಇರಲಿಲ್ಲ. ಗೊರಗೊರ ನಿಂತು ವಾರವೇ ಆಗಿತ್ತು! ದೂರು ಬರೆಯುವ ಭರದಲ್ಲಿ ಆ ಜಾಣ ಪಟ್ಟಿ ಅದನ್ನು ಹೇಳಿಯೇ ಇರಲಿಲ್ಲ.

“ಹನ್ನೊಂದು ವರ್ಷ ಎಲ್ಲಾರಿಗೂ ಕಾಲು ಅಲುಗಾಡಿಸಬ್ಯಾಡ್ರಿ ಅಂದೆ” ಎಂದು ಅವರು ನೆಲದ ಮೇಲೆಯೇ ಕೂತುಬಿಟ್ಟರು. “ಒಳಗಿನ ಜೀವಕಣ ಮಲಗಿಬಿಡ್ತಿದ್ವು. ಸಣ್ಣಗೆ ತಟ್ಟೋರು ಬೇಕಿತ್ತು.”

“ಮಲಗಿದವ್ರನ್ನ ತಟ್ಟೇ ಎಬ್ಬಿಸಬೇಕಲ್ಲಬೇ” ಎಂದಳು ದಾನಮ್ಮ, ತವೆಯಿಂದ ಕಣ್ಣು ತೆಗೆಯದೆ.

ಮರುದಿನದ ಪರೀಕ್ಷೆಯಲ್ಲಿ ಚಿಗುರು ಪೂರ್ತಿ ಬೆಳೆದಿತ್ತು. ಹತ್ತನೆಯ ದಿನ ಇಂದುಮತಿ ಗಾಳಿಯಲ್ಲಿ ಮೈ ಚಾಚಿ ಕಂಬ ಹಿಡಿದಾಗ ಪಟ್ಟಿ ಹಸಿರಾಗಿಯೇ ಇತ್ತು. ಅಂಗಳದಂಚಿನಲ್ಲಿ ಡಾಕ್ಟರು ಸೀಟಿ ಹೊಡೆದರು, ನಾಚಿಕೆಯಿಲ್ಲದೆ.

ಸಂಶೋಧನಾಲಯ ಕೂಡಲೇ ತಟ್ಟುಯಂತ್ರವೊಂದನ್ನು ತಯಾರಿಸಿತು. ರೋಗಿಗಳು ಹತ್ತು ನಿಮಿಷಕ್ಕೇ ಬೇಸತ್ತು ಬಿಚ್ಚಿಟ್ಟರು. ದಾನಮ್ಮನ ಪಕ್ಕ ರೊಟ್ಟಿ ಬಡಿಯಲು ಕೂತ ರೋಗಿಗಳು ಮಾತ್ರ ಏಳಲಿಲ್ಲ, ತಿನ್ನುವವರು ಕಾಯುತ್ತಿದ್ದರಲ್ಲ! ಕೊನೆಗೆ ಯಂತ್ರ ಮೂಲೆ ಸೇರಿ, ದಾನಮ್ಮ ಶಿಕ್ಷಕಿಯಾದಳು. ನಿವೃತ್ತ ನ್ಯಾಯಾಧೀಶರೂ ಬಸ್ಸಿನ ಚಾಲಕರೂ ಸಾಲಾಗಿ ಕೂತು ಬಡಿದ ರೊಟ್ಟಿ ಖೋಖೋ ಶಿಬಿರಕ್ಕೆ ಹೋಗತೊಡಗಿತು.

ನ್ಯಾಯಾಧೀಶರ ಮೊದಲ ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಅವರು ತೀರ್ಪಿಗೆ ಕಾದವರಂತೆ ನಿಂತಿದ್ದರು. ಈಗ ರಾಜ್ಯ ತಂಡದ ನಾಯಕಿಯಾಗಿದ್ದ ಇಂದುಮತಿ ಅದನ್ನು ಮುರಿದು ತಿಂದಳು. ಅಷ್ಟು ಕೆಟ್ಟ ರೊಟ್ಟಿಯನ್ನು ಅವಳು ಜನ್ಮದಲ್ಲಿ ತಿಂದಿರಲಿಲ್ಲ.

“ಇನ್ನೊಂದು ಕೊಡ್ರಿ” ಎಂದಳು.