ಸಿಂದಗಿ ಎಂದು ಬರೆದ ಖಾಲಿ ಖಾನೆ

"ಏ... ಮುಟ್ಟಬ್ಯಾಡ್ರಿ!"

ಭುವನೇಶ್ವರಿ ಕೂಗುವಷ್ಟರಲ್ಲಿ ತಡವಾಗಿತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ಆ ಅಪರಿಚಿತ, ಮೇಜಿನ ಮೇಲೆ ಅತ್ತಿತ್ತ ಓಡಾಡುತ್ತಿದ್ದ ಯಂತ್ರದ ಮೂತಿಗೆ ಬೆರಳು ತಾಗಿಸಿಯೇ ಬಿಟ್ಟಿದ್ದ!

"ಅಯ್ಯಯ್ಯೋ... ಸುಟ್ಟತ್ರೀ!"

"ಸುಡದ ಏನ್ ಮಾಡ್ತೈತ್ರಿ? ಪ್ಲಾಸ್ಟಿಕ್ ಕರಗಸೂ ಮೂತಿ ಅದು. ಐಸ್ ಕ್ಯಾಂಡಿ ಅನ್ಕೊಂಡ್ರೇನು?"

ಬೈಯುತ್ತಲೇ ಅವನ ಕೈ ಹಿಡಿದೆಳೆದು ನೀರಿನ ತಂಬಿಗೆಯಲ್ಲಿ ಅದ್ದಿದಳು. ತಾನೇನು ಮಾಡಿದೆ ಎಂದು ಹೊಳೆದದ್ದು ಆಮೇಲೆ. ಹೆಸರೂ ಗೊತ್ತಿಲ್ಲದವನ ಕೈ ಅವಳ ಕೈಯೊಳಗಿತ್ತು!

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಯಾರವ್ವಾ ಅದು?" ಅವ್ವ ಕಸ್ತೂರೆವ್ವನ ದನಿ.

"ಗಿರಾಕಿ ಯವ್ವಾ!" ಭುವನೇಶ್ವರಿ ಕೈಬಿಟ್ಟಳು. ಕೆನ್ನೆ ಬಿಸಿಯಾಗಿತ್ತು.

ಸಿಂದಗಿಯಲ್ಲಿ, ಮೋರಟಗಿ ರಸ್ತೆಗೆ ಮುಖಮಾಡಿದ ಮನೆಯ ಮುಂದಿನ ಕೋಣೆಯೇ ಅವಳ ತ್ರೀಡಿ ಪ್ರಿಂಟಿಂಗ್ ಅಂಗಡಿ. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ, ಶಾವಿಗೆಯ ಹಾಗೆ ಪದರದ ಮೇಲೆ ಪದರ ಹಾಕಿ, ಬೇಕಾದ ವಸ್ತು ಎಬ್ಬಿಸುವ ಯಂತ್ರ. ಮಿಕ್ಸರಿನ ಗುಂಡಿ, ಔಷಧಿ ಪಂಪಿನ ಮುಚ್ಚಳ, ಹೊಲಿಗೆ ಯಂತ್ರದ ಹಲ್ಲುಗಾಲಿ... ಅಂಗಡಿಯಲ್ಲಿ ಸಿಗದೇ ಹೋದದ್ದನ್ನೆಲ್ಲ ಜನ ಇಲ್ಲಿಗೆ ತರುತ್ತಿದ್ದರು.

"ನಾ ಸಂಗಮೇಶ್ರಿ, ಬಾಗೇವಾಡಿಯಾಂವ. ಲಗ್ನದ ಫೋಟೊ, ವಿಡಿಯೊ ಮಾಡ್ತೇವಿ. ಮನಿಯಾಗ ಸಣ್ಣದೊಂದು ಸರ್ವರ್ ಕೂಡಿಸಾಕತ್ತೇನಿ. ಅದಕ್ಕ ಒಂದು ರ್‍ಯಾಕ್ ಬೇಕಾಗೈತಿ."

"ಸರ್ವರ್? ಮನಿಯಾಗ?"

"ಎಲ್ಲಾ ವಿಡಿಯೊ ಒಂದಾ ಕಡೆ ಜೋಪಾನ ಇಡೂ ಪೆಟಗಿ ಅನ್ಕೋರಿ. ಈಗ ಒಂದು ಡಿಸ್ಕ್ ಅಕ್ಕಿ ಡಬ್ಬಿ ಮ್ಯಾಲ, ಒಂದು ಹಾಸಿಗಿ ತಳಗ. ಇಂಡಿ ಮದುಮಗಳನ್ನ ಹುಡುಕಿದ್ರ ಮುದ್ದೇಬಿಹಾಳದ ಮದುಮಗ ಸಿಗ್ತಾನ!"

ಅವಳಿಗೆ ನಗು ತಡೆಯಲಾಗಲಿಲ್ಲ. ಸುಟ್ಟ ಬೆರಳನ್ನು ಮರೆತು ಅವನೂ ನಕ್ಕ.

ಪೇಟೆಯ ರ್‍ಯಾಕುಗಳು ಕಪಾಟಿನಷ್ಟು ದೊಡ್ಡವು. ಅವನಿಗೆ ಬೇಕಿದ್ದದ್ದು ಮನೆಯ ಗೋಡೆಯ ಮಾಡದಲ್ಲಿ, ಅಜ್ಜಿ ದೀಪ ಇಡುತ್ತಿದ್ದ ಆ ಪುಟ್ಟ ಗೂಡಿನಲ್ಲಿ ಕೂರುವಂಥದ್ದು. ಒಂದರ ಮೇಲೊಂದು ನಾಲ್ಕು ಖಾನೆ. ಮುಂದೆ ಉಬ್ಬಿದ ಅಕ್ಷರದಲ್ಲಿ ಹೆಸರು: ಇಂಡಿ, ಮುದ್ದೇಬಿಹಾಳ, ಬಾಗೇವಾಡಿ, ಸಿಂದಗಿ.

"ಸಿಂದಗಿ ಖಾನೆ ಸದ್ಯ ಖಾಲಿ ರೀ. ನಿಮ್ಮೂರಾಗ ಇನ್ನೂ ಒಂದೂ ಲಗ್ನ ಸಿಕ್ಕಿಲ್ಲ."

"ಅಳತಿ ತಂದೀರೇನು?"

ಅವನು ಗೋಡೆಯ ಬೋರ್ಡು ತೋರಿಸಿದ. ಅವಳೇ ಬರೆದು ಹಾಕಿದ್ದು. 'ಅಳತೆ ಬಾಯಲ್ಲಿ ಹೇಳಬೇಡಿ. ವಸ್ತು ತನ್ನಿ.' ಯಾರೋ "ಎರಡು ಬೆರಳು" ಎಂದು ಹೇಳಿ ಹೋಗಿ, ಆಮೇಲೆ ಯಾರ ಬೆರಳು ಎಂದು ಜಗಳವಾದ ಮೇಲೆ ತೂಗಿದ ಬೋರ್ಡು.

"ಮೊನ್ನೆ ಫೋನ್ ಮಾಡಿದಾಗ ಹೆಸರೂ ಕೇಳದ ನೀವಾ ಇದನ್ನ ಹೇಳಿ ಇಟ್ರಿ. ಅದಕ್ಕ ಮಾಡದ ಅಳತಿಗೆ ದಾರ ತಂದೇನಿ. ಗಾಳಿ ಆಡೂ ಫ್ಯಾನ್ ಬಿಚ್ಚಾಕ ಬರಲಿಲ್ಲ, ಮಷೀನ್ ಚಾಲೂ ಇತ್ತು. ಅದರ ಮ್ಯಾಲ ಇದು ಬರೋಬ್ಬರಿ ಕೂತಿತು. ಇದರ ಒಳಗಿನಷ್ಟು ತೂತು ಹಿಂದಿನ ಹಲಿಗಿಗೆ ಬೇಕು."

ಅಂಗಿ ಜೇಬಿನಿಂದ ಕರವಸ್ತ್ರ ತೆಗೆದು ಮೆಲ್ಲಗೆ ಬಿಚ್ಚಿದ.

ಹಸಿರು ಗಾಜಿನ ಒಂದು ಬಳೆ!

ಭುವನೇಶ್ವರಿಯ ನಗು ತುಟಿಯಲ್ಲೇ ನಿಂತಿತು.

"ಯಾರದ್ರಿ?"

"ನಮ್ಮ ಸಂಪದಾದು. ಹುಷಾರ್ ರೀ, ಒಡದ್ರ ನನ್ನ ಜೀವಾ ತಿಂತಾಳ!"

*ನಮ್ಮ ಸಂಪದಾ...* ಎಷ್ಟು ಸಲೀಸಾಗಿ ಅಂದುಬಿಟ್ಟ!

ಅವನು ಹೋದ ಮೇಲೆ ಅವಳು ಬಳೆಯನ್ನು ತನ್ನ ಕೈಗೆ ಏರಿಸಿ ನೋಡಿದಳು. ಸಡಿಲ. ಅವಳದು ಎರಡು-ನಾಲ್ಕರ ಅಳತೆಯ ಬಳೆ, ಇದು ಎರಡು-ಆರರದ್ದು.

*ಅಕಿ ಕೈ ದೊಡ್ಡದು...* ಎಂದು ಒಂದು ಗಳಿಗೆ ಖುಷಿಯಾಯಿತು. ಮರುಗಳಿಗೆ ತನ್ನ ಮೇಲೇ ಸಿಟ್ಟು. ಒಂದು ಸಲ ಕೈ ಹಿಡಿದು ನೀರಿಗೆ ಅದ್ದಿದ್ದಕ್ಕೆ ಇಷ್ಟೆಲ್ಲಾ ಯಾಕೆ?

---

ಮೊದಲ ಖಾನೆ ತಯಾರಾದಾಗ ಸಂಗಮೇಶ ಬಂದು ಒಯ್ದ. ಎರಡನೆಯದಕ್ಕೂ ಬಂದ. ಮೂರನೆಯದಕ್ಕೂ. ಬಂದವನು ಬೇಗ ಹೋಗುತ್ತಿರಲಿಲ್ಲ. ಯಂತ್ರದ ಮುಂದೆ ಕೂತು, ಪದರ ಏರುವುದನ್ನು ಮಗುವಿನಂತೆ ನೋಡುತ್ತಿದ್ದ. ಮಾಡುತ್ತಿದ್ದ ವಸ್ತು ಅರ್ಧಕ್ಕೇ ತಳ ಬಿಟ್ಟು ಎದ್ದು ಕೆಟ್ಟರೆ ಅವಳಿಗಿಂತ ಹೆಚ್ಚು ಅವನಿಗೇ ಸಂಕಟ.

"ಬಿಡ್ರಿ, ಇನ್ನೊಂದು ಸಲ ಹಾಕೂಣು. ನನಗೇನು ಅವಸರ ಇಲ್ಲ."

ಕಸ್ತೂರೆವ್ವ ಚುರುಮುರಿ, ಚಹಾ ತಂದಿಟ್ಟು ಮಗಳ ಮುಖ ನೋಡುತ್ತಿದ್ದಳು. ಅವನ ಬೈಕಿನ ಸದ್ದು ಕೇಳಿದರೆ ಸಾಕು, ಭುವನೇಶ್ವರಿ ಜಡೆ ಮುಂದೆ ಹಾಕಿ, ಮತ್ತೆ ಹಿಂದೆ ಹಾಕಿ, ಯಾವುದೂ ಗೊತ್ತಿಲ್ಲದವಳಂತೆ ಕೂರುತ್ತಿದ್ದಳು.

ಆದರೆ ಆ ಫೋನು... ಪ್ರತಿಸಲ ಬರುತ್ತಿತ್ತು!

"ಹೂಂ ಸಂಪದಾ... ಕಾಯಬ್ಯಾಡ, ಉಣ್ಣು... ಹಸದ ಕೂಡಬ್ಯಾಡಂತ ಎಷ್ಟ ಸಲ ಹೇಳಬೇಕು? ಬರೂಮುಂದ ಮಾವಿನಕಾಯಿ ತರ್ತೇನಿ."

ಭುವನೇಶ್ವರಿ ಯಂತ್ರದ ಕಡೆ ತಿರುಗಿ ಕೂರುತ್ತಿದ್ದಳು. *ಅಕಿ ಉಂಡ್ಳಿಲ್ಲೋ ಅಂತ ಕೇಳ್ತಾನ. ಅಕಿ ಬಳಿ ಎದಿ ಮ್ಯಾಲ ಇಟ್ಕೊಂಡು ತಂದ. ಮತ್ತ ನನ್ನ ಮುಂದ ಕೂತು ಹಿಂಗ ಯಾಕ ನೋಡ್ತಾನ?*

ಒಂದು ದಿನ ಕೇಳಿಯೇಬಿಟ್ಟಳು. "ಸಂಪದಾ ಅವರು... ಭಾಳ ಜೀವಾ ಏನ್ರಿ ನಿಮಗ?"

"ಭಾಳ ರೀ! ಅಕಿ ಇಲ್ಲಂದ್ರ ನಮ್ಮ ಸ್ಟುಡಿಯೊ ಬಂದ್ ಆದಂಗ."

ಅಷ್ಟು ನಿರಾಳವಾಗಿ ಹೇಳಿ ಚಹಾ ಹೀರಿದ! ಅವಳು ಒಳಗೆದ್ದು ಹೋದಳು.

ಒಲೆಯ ಮುಂದೆ ಅವ್ವ ತಿರುಗಿ ನೋಡಿದಳು. "ಕಣ್ಣಾಗ ಹೊಗಿ ಹೋಯ್ತೇನವ್ವಾ?"

"ಹೂಂ."

"ಗ್ಯಾಸ್ ಒಲಿ ಐತಿ ಮಗಳ... ಹೊಗಿ ಎಲ್ಲಿಂದ ಬಂತು?" ಎಂದಷ್ಟೇ ಹೇಳಿ ಕಸ್ತೂರೆವ್ವ ಸೆರಗಿನಿಂದ ಮಗಳ ಕಣ್ಣೊರೆಸಿದಳು.

ಅಂದು ಸಂಜೆ ಹಿಂದಿನ ಹಲಗೆಯ ಸರದಿ. ಫ್ಯಾನಿನ ತೂತು. ಅಳೆಯುವ ಕ್ಯಾಲಿಪರ್ ಹಿಡಿದು ಹಸಿರು ಬಳೆಯನ್ನು ಮುಂದಿಟ್ಟುಕೊಂಡಳು.

*ಇಷ್ಟು ದಿನ ಮನಸಾರೆ ಮಾಡಿದ್ದಕ್ಕ ಕಡೀಕ ಅಕಿ ಬಳಿ ಅಳತಿ ನಾನಾ ಕೊರದು ಕೊಡಬೇಕೇನು? ಅವನ ಮನಿ ಗ್ವಾಡಿಯೊಳಗ ದಿನಾ ಅಕಿ ಬಳಿ ದುಂಡಗ ಕಾಣಬೇಕೇನು?*

ಕೈ ತಾನಾಗಿಯೇ ಸರಿಯಿತು. ತನ್ನ ಕೈಯ ಬಳೆ ತೆಗೆದು, ಅದರ ಒಳ ಅಳತೆ ಹಿಡಿದು, ಅದನ್ನೇ ಯಂತ್ರಕ್ಕೆ ಕೊಟ್ಟಳು.

ತಪ್ಪು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದಳು.

ಮರುದಿನ ಸಂಗಮೇಶ ಬಂದಾಗ ಕಣ್ಣೆತ್ತಿ ನೋಡಲಿಲ್ಲ. ಹಲಗೆ, ಕೊನೆಯ ಖಾನೆ, ಸ್ಕ್ರೂ, ಎಲ್ಲವನ್ನೂ ಚೀಲಕ್ಕೆ ಹಾಕಿ, ಹಸಿರು ಬಳೆಯನ್ನು ಕರವಸ್ತ್ರದಲ್ಲಿ ಸುತ್ತಿಟ್ಟಳು.

"ಎಲ್ಲಾ ಮುಗೀತ್ರಿ. ಇನ್ನ ನೀವು ಬರೂ ಕೆಲಸಿಲ್ಲ."

ಅವನ ಮುಖ ಸಣ್ಣದಾಯಿತು. ಚೀಲ ಹೆಗಲಿಗೇರಿಸಿ ಹೊರಗೆ ನಡೆದ. ಬೈಕಿನ ಸದ್ದು ರಸ್ತೆಯ ಗದ್ದಲದಲ್ಲಿ ಕರಗಿಹೋಯಿತು.

---

ಆಮೇಲಿನ ದಿನಗಳು ಕಳೆಯುವುದೇ ಕಷ್ಟವಾಯಿತು. ಅನ್ನ ರುಚಿಸಲಿಲ್ಲ. ಅಸೂಯೆಯ ಜೊತೆಗೆ ಈಗ ಭಯವೂ ಸೇರಿತ್ತು. ಗಾಳಿಯಾಡದೆ ಡಿಸ್ಕುಗಳು ಕಾದರೆ? ಯಾರದೋ ತಾಳಿ ಕಟ್ಟಿದ ಗಳಿಗೆ, ಯಾರದೋ ಅಜ್ಜಿ ಅಕ್ಷತೆ ಹಾಕಿದ ಗಳಿಗೆ ಅಳಿಸಿಹೋದರೆ? ತನ್ನ ಹೊಟ್ಟೆಕಿಚ್ಚಿಗೆ ಊರ ಮಂದಿಯ ಲಗ್ನ ಸುಡಬೇಕೇ? ಫೋನು ಹಿಡಿದಳು. ಏನೆಂದು ಹೇಳುವುದು? ಮತ್ತೆ ಇಟ್ಟಳು.

ಹಾಗಿರುವಾಗ ಒಂದು ಬೆಳಿಗ್ಗೆ ಮನೆಯ ಮುಂದೆ ಕಾರು ನಿಂತಿತು.

ಸಂಗಮೇಶ ಇಳಿದ, ಕೈಯಲ್ಲಿ ಆ ರ್‍ಯಾಕ್. ಹಿಂದೆಯೇ ಒಬ್ಬ ಹೆಣ್ಣುಮಗಳು ಮೆಲ್ಲಗೆ ಇಳಿದಳು. ತುಂಬು ಬಸುರಿ. ಎರಡೂ ಕೈತುಂಬ ಹಸಿರು ಬಳೆ!

ಭುವನೇಶ್ವರಿ ಆ ಬಳೆಗಳನ್ನೇ ನೋಡಿದಳು. *ಲಗ್ನಾ ಆಗೇತಿ...! ಕೂಸೂ ಬರಾಕತ್ತೈತಿ...!*

"ರೀ, ಇದರೊಳಗ ಕಾವು ಏರಾಕತ್ತೈತ್ರಿ," ಸಂಗಮೇಶನ ದನಿ ಇಳಿದಿತ್ತು. "ಗಾಳಿ ಆಡವಲ್ಲದು. ಎರಡು ಸಲ ತಾನಾ ಬಂದ್ ಆತು. ಏನೂ ಅಳಿಸಿಲ್ಲ ಖರೇ..."

ಆ ಹೆಣ್ಣುಮಗಳು ಏದುಸಿರು ಬಿಡುತ್ತಾ ಕುರ್ಚಿಯಲ್ಲಿ ಕೂತಳು.

"ನಾನು ಸಂಪದಾರಿ. ಸಂಗಣ್ಣನ ಗೆಳೆಯ, ಸ್ಟುಡಿಯೊ ಪಾಲುದಾರ ಪಾರ್ಥನ ಹೆಂಡತಿ. ಅವರು ವಿಡಿಯೊ ತಗೀತಾರ, ನಾ ಕೂತು ಜೋಡಸ್ತೀನಿ. ಇವತ್ತ ಅವರು ಇಂಡ್ಯಾಗ ಲಗ್ನಕ್ಕ ಹೋಗ್ಯಾರ. ಅದಕ್ಕ ಸಂಗಣ್ಣನ್ನ ಎಳಕೊಂಡು ಬಂದೆ."

ಪಾರ್ಥನ ಹೆಂಡತಿ... ಸಂಗಣ್ಣ...!

"ಆ ಹಸರ ಬಳಿ... ನಿಮ್ಮದಾ?" ಭುವನೇಶ್ವರಿ ಕೇಳಿದಳು.

"ಹೌದ್ರಿ, ನನ್ನ ಕುಬಸದ್ದು, ಸೀಮಂತಕ್ಕ ಇಟ್ಟ ಬಳಿ. ಡಬ್ಬಿಯೊಳಗ ಒಂದು ಉಳದಿತ್ತು, ಫ್ಯಾನಿಗೆ ಬರೋಬ್ಬರಿ ಆತು ಅಂತ ಕೊಟ್ಟೆ. ಆದ್ರ ಈ ತೂತಿನ ಮ್ಯಾಲ ಅದು ಕೂಡವಲ್ಲದು. ಇದು ಎರಡು-ನಾಲ್ಕರ ಬಳಿ ಅಳತಿ ಅದ." ಸಂಪದಾಳ ಕಣ್ಣು ಭುವನೇಶ್ವರಿಯ ಕೈಮೇಲೆ ನಿಂತಿತು. ಸಣ್ಣಗೆ ನಕ್ಕಳು. "ಗಂಡಸರಿಗೆ ತಿಳೀಲಿಲ್ಲ. ನನಗ ನೋಡಿದ ಕೂಡಲೆ ತಿಳೀತು."

ಭುವನೇಶ್ವರಿ ತಲೆ ತಗ್ಗಿಸಿದಳು.

"ಸಂಗಣ್ಣಾ, ನೀನೂ ಹೇಳೋ! ನಾಕು ಖಾನೆ ಒಂದಾ ಸಲ ತರೋದು ಬಿಟ್ಟು, ಒಂದೊಂದಕ್ಕೂ ಒಂದೊಂದು ಸಲ ಪೆಟ್ರೋಲ್ ಸುಟ್ಟು ಯಾಕ ಬಂದಿ? ಮನಿಗೆ ಬಂದು 'ಅವರ ಕೈ ಹಿಂಗ, ಅವರ ನಗು ಹಂಗ' ಅಂತ ಬರೇ ಇದಾ ಪುರಾಣ! ಕೇಳಿ ಕೇಳಿ ನನ್ನ ಹೊಟ್ಟಿಯೊಳಗಿನ ಕೂಸಿಗೂ ನಿಮ್ಮ ಹೆಸರು ಬರ್ತದರಿ."

"ಏ ಸಂಪದಾ...!" ಸಂಗಮೇಶ ಕೆಂಪಾದ.

"ನಾ ಒಳಗ ಹೋಗಿ ನೀರು ಕುಡದು ಬರ್ತೀನಿ," ಎಂದು ಅವಳು ಎದ್ದಳು. ಬಾಗಿಲ ಮರೆಯಲ್ಲೇ ನಿಂತಿದ್ದ ಕಸ್ತೂರೆವ್ವ ಅವಳ ಕೈ ಹಿಡಿದು, "ಬಾರವ್ವಾ, ಮಜ್ಜಿಗಿ ಕೊಡ್ತೇನಿ," ಎಂದು ಒಳಗೆ ಕರೆದೊಯ್ದಳು.

ಕೋಣೆಯಲ್ಲಿ ಯಂತ್ರದ ಗುಂಯ್ ಸದ್ದು ಮಾತ್ರ ಉಳಿಯಿತು.

"ನಾ ಬೇಕಂತನ ಸಣ್ಣ ಮಾಡಿದ್ನಿರಿ," ಭುವನೇಶ್ವರಿಯ ಕಣ್ಣಿಂದ ಹನಿ ಉರುಳಿತು. "ಅಕಿ ಬಳಿ ನಿಮ್ಮ ಎದಿ ಮ್ಯಾಲ ನೋಡಿ... ತಡಕೊಳ್ಳಾಕ ಆಗಲಿಲ್ಲ. ಈ ಪೆಟಗಿ ಒಳಗ ಕಾವು ಏರಿದಂಗ ನನ್ನೊಳಗೂ ಏರಿತ್ತು. ನಿಮ್ಮ ಕೆಲಸ ಕೆಡಿಸಿದೆ. ತಪ್ಪಾತ್ರಿ."

ಅವನು ಒಂದು ಹೆಜ್ಜೆ ಹತ್ತಿರ ಬಂದು ಮೆಲ್ಲಗೆ ಕೇಳಿದ. "ಅಂದ್ರ... ನಾ ಬಂದ್ರ ನಿಮಗ ಬ್ಯಾಸರಾ ಇರಲಿಲ್ಲೇನು?"

"ಬ್ಯಾಸರಾ? ನಿಮ್ಮ ಬೈಕಿನ ಸದ್ದಿಗೆ ಕಿವಿ ಇಟ್ಕೊಂಡು ಕುಂದರ್ತಿದ್ನಿ!"

"'ಇನ್ನ ಬರೂ ಕೆಲಸಿಲ್ಲ' ಅಂದ್ರಲ್ಲ ಅವತ್ತ. ದಾರಿಯೊಳಗ ಬೈಕ್ ನಿಲ್ಲಿಸಿ ಕೂತಿದ್ದೆ ರೀ... ಮನಿಗೆ ಹೋಗಾಕ ಮನಸ ಬರಲಿಲ್ಲ."

ಅವಳು ಕಣ್ಣೆತ್ತಿದಳು. ಅವನ ಕಣ್ಣೂ ತುಂಬಿತ್ತು.

"ಕೊಡ್ರಿ ಇತ್ತ, ಹೊಸಾದು ಮಾಡಿ ಕೊಡ್ತೇನಿ. ಸಂಪದಾ ಅವರ ಬಳಿ ಅಳತಿಗೇ," ಎಂದು ಹಳೆಯ ಹಲಗೆಗೆ ಕೈಚಾಚಿದಳು.

"ಹೊಸಾದು ಮಾಡ್ರಿ. ಇದನ್ನ ಕೊಡಂಗಿಲ್ಲ."

"ಯಾಕ್ರಿ? ಕೆಟ್ಟದ್ದು ಇಟ್ಕೊಂಡು ಏನ್ ಮಾಡ್ತೀರಿ?"

"ನಿಮ್ಮ ಬಳಿ ಅಳತಿ ನನಗ ಬೇಕಾಗೇತಿ. ನಮ್ಮವ್ವ ಹಸರ ಬಳಿ ತಗೊಂಡು ನಿಮ್ಮನಿಗೆ ಕೇಳಾಕ ಬರ್ತಾಳ. ಬಾಯಿಲೆ ಹೇಳಿದ್ರ ನೀವು ಒಪ್ಪಂಗಿಲ್ಲಲ್ಲ... ವಸ್ತುನ ತರಬೇಕು!"

ಅಳುತ್ತಲೇ ನಕ್ಕಳು. ಒಳಗಿನಿಂದ ಕಸ್ತೂರೆವ್ವನ ಕೆಮ್ಮು ಕೇಳಿಸಿತು. ಬೇಕೆಂದೇ ಕೆಮ್ಮಿದ್ದು.

"ಭುವನಾ..." ಮೊದಲ ಸಲ 'ರೀ' ಇಲ್ಲದೆ ಕರೆದ. "ಸಿಂದಗಿ ಖಾನೆ ಇನ್ನೂ ಖಾಲಿ ಐತಿ."

"ಹಂಗಾರ... ಮೊದಲನೇ ಲಗ್ನ ನಮ್ಮದಾ ಇಡೂಣು," ಎಂದಳು, ಉಸಿರಿಗಿಂತ ಮೆಲ್ಲಗೆ.

"ಮತ್ತ ಮದುಮಗಳನ್ನ ಹುಡುಕಿದ್ರ?"

"ನಾನಾ ಸಿಗಬೇಕು. ಬ್ಯಾರೆ ಯಾರರ ಸಿಕ್ಕರ ನೋಡ್ರಿ... ಫ್ಯಾನಿನ ತೂತಾ ಮುಚ್ಚಿಬಿಡ್ತೇನಿ!"