ಹಿಂಗೋಡೆಯ ಮಂಜುಗಡ್ಡೆ

ಬೆಳಿಗ್ಗೆ ಅಂಗಡಿಯ ದೊಡ್ಡ ಫ್ರಿಜ್ ತೆರೆದ ಕೇಕಜ್ಜ ನಿಂತಲ್ಲೇ ನಿಂತ. ಹನ್ನೆರಡು ಕೇಕುಗಳ ಕೆನೆಯೂ ಕರಗಿ ತಟ್ಟೆಗೆ ಇಳಿದಿತ್ತು. ಫ್ರಿಜ್ಜಿನ ಒಳಗಿನ ಹಿಂಗೋಡೆಯ ಜಾಲರಿಯಿಂದ ಮಾತ್ರ ಮಂಜುಗಡ್ಡೆ ಉಬ್ಬಿ ಹೊರಬಂದಿತ್ತು!

"ಮತ್ತೆ ಬಾಗಿಲು ಮುಚ್ಚೋದು ಮರೆತ್ರಾ, ಮಾವ?" ಅಳಿಯ ಸಿಡುಕಿದ. "ಅರವತ್ತಕ್ಕೆ ಅರಳು ಮರಳು ಅಂತ ಸುಮ್ನೆ ಹೇಳ್ತಾರಾ? ನಾಳೆಯಿಂದ ಮನೇಲಿರಿ."

ಮುಚ್ಚಿದ್ದು ಅಜ್ಜನಿಗೆ ನೆನಪಿತ್ತು — ಅಥವಾ ಅದು ಮೊನ್ನೆಯ ನೆನಪೋ? ನಲವತ್ತು ವರ್ಷ ಕೆನೆ ಕಡೆದವನಿಗೆ ಈಗ ತನ್ನ ತಲೆಯ ಮೇಲೇ ಅನುಮಾನ. ಕೆಲಸ ಹೋಗುವುದಕ್ಕಿಂತ ಅದೇ ಹೆಚ್ಚು ಹೆದರಿಸಿತು.

ರಿಪೇರಿಯವಳು ಬಂದಳು. ಚೀಲ ಇಳಿಸುವ ಮೊದಲೇ ಪ್ರಶ್ನೆ.

"ಗಡ್ಡೆ ಯಾವಾಗಿಂದ?"

"ಇವತ್ತೇ ನೋಡಿದ್ದು," ಎಂದ ಅಳಿಯ.

"ಒಂದೇ ದಿನಕ್ಕೆ ಇಷ್ಟಾ? ಸಾಧ್ಯವಿಲ್ಲ. ಬೆಳಿಗ್ಗೆ ಮೊದಲು ಬರೋರು ಯಾರು?"

"ನಾನು," ಎಂದಳು ಅಜ್ಜನ ಮಗಳು. "ಎರಡು ದಿನ ಜ್ವರ ಅಂತ ಬಂದಿರಲಿಲ್ಲ, ಇವತ್ತೂ ತಡವಾಗಿ ಬಂದೆ."

ರಿಪೇರಿಯವಳು ಕರೆಂಟ್ ತೆಗೆದು, ಜಾಲರಿ ಬಿಚ್ಚಿ, ಗಡ್ಡೆಯನ್ನು ನಿಧಾನವಾಗಿ ಕರಗಿಸಿದಳು. ಒಳಗಿನ ತಂತಿಯೊಂದು ತುಂಡಾಗಿತ್ತು.

"ಬಾಗಿಲು ತೆರೆದಿದ್ರೆ ಮಂಜು ಮೊದಲು ಬಾಗಿಲ ಹತ್ರ ಕಾಣ್ಬೇಕು. ಅಲ್ಲೊಂದು ಚೂರೂ ಇಲ್ಲ. ಇದನ್ನ ಯಾಕೆ ಯಾರೂ ನೋಡಲಿಲ್ಲ? ಹಿಂಗೋಡೇಲಿ ಸ್ವಲ್ಪ ಮಂಜು ಕಟ್ಟೋದು ಮಾಮೂಲು, ಅದನ್ನ ಕರಗಿಸೋ ಹೀಟರಿನ ತಂತಿ ಇದು. ಇದು ಹೋದ್ಮೇಲೆ ಗಡ್ಡೆ ಬೆಳೆದು ಫ್ಯಾನನ್ನೇ ನುಂಗಿದೆ. ಕೇಕಿಗೆ ತಂಪು ಗಾಳಿ ಬರೋದು ಹೇಗೆ?"

"ಹಾಗಾದ್ರೆ ತಂತಿ—?" ಎಂದ ಅಳಿಯ.

"ಚಾಕು ತಗುಲಿದೆ. ತೆಗೆದ ಮಂಜು ಮತ್ತೆ ಮತ್ತೆ ಕಟ್ಟಿದ್ರೆ ಚಾಕು ಹಿಡೀಬಾರದು, ನಮ್ಮನ್ನ ಕರೀಬೇಕು." ಅವಳು ಮಗಳ ಕಡೆ ತಿರುಗಿದಳು. "ಬೆರಳ ಗೆಣ್ಣೆಲ್ಲ ತರಚಿದೆಯಲ್ಲ — ಜಾಲರಿಗೇ ತಾನೇ? ತಂತಿ ಕತ್ತರಿಸಿದ್ದು ನೀವೇ."

ಮಗಳು ಅತ್ತೇಬಿಟ್ಟಳು. "ಮೊದಲು ಸ್ವಲ್ಪವೇ ಇತ್ತು. ಇವರು ನೋಡಿದ್ರೆ ಅಪ್ಪನ್ನ ಬೈತಾರೆ ಅಂತ ದಿನಾ ಬೇಗ ಬಂದು ಕೆತ್ತಿ ತೆಗೀತಿದ್ದೆ. ಅಪ್ಪನೇ ಬಾಗಿಲು ಮರೀತಾರೆ ಅಂದ್ಕೊಂಡೆ."

ಅಳಿಯನ ಮುಖ ಹುಳ್ಳಗಾಯಿತು. ಕೇಕಜ್ಜನಿಗೆ ಹೋದ ಜೀವ ಬಂದಂತಾಯಿತು. ತಲೆ ನೆಟ್ಟಗಿದೆ, ಮರೆವು ತನ್ನದಲ್ಲ! ಆದರೆ ಆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಮಗಳ ತರಚಿದ ಕೈಯನ್ನು ಹಿಡಿದುಕೊಂಡ.

"ಇಷ್ಟು ದಿನ ನೀನೂ ಹಾಗೇ ಅಂದ್ಕೊಂಡಿದ್ದೆಯಾ? ಬಾಗಿಲು ಮುಚ್ಚಿದ್ಯಾ ಅಪ್ಪ ಅಂತ ಒಂದು ಸಲ ನನ್ನನ್ನೇ ಕೇಳಬಾರದಿತ್ತೇನಮ್ಮಾ?"