ಸುತ್ತಿಗೆ ಮುಟ್ಟದ ಗೋಲಂದಾಜ

ಈ ಕತೆಯಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಇಂದೇ ಉದುರಿಹೋಗಲಿ. ಇಂಥ ಮೀಸೆ ನಮ್ಮ ಸೀಮೆಯಲ್ಲೇ ಇನ್ನೊಂದಿಲ್ಲ, ಆಣೆಯ ತೂಕ ನೀವೇ ಅಳೆದುಕೊಳ್ಳಿ.

ಕೇತನಗಿರಿಯ ರಾಜಧಾನಿ ವಿಜಯದಶಮಿಯ ಬಿಸಿಲಿನಲ್ಲಿ ಧಗಧಗಿಸುತ್ತಿತ್ತು. ಬೀದಿಗಳಲ್ಲಿ ತೋರಣ, ಬುರುಜುಗಳ ಮೇಲೆ ಪತಾಕೆ, ಆದರೆ ಪತಾಕೆ ಅಲುಗಾಡಲು ಗಾಳಿಯೇ ಇರಲಿಲ್ಲ. ಹೊಸ ಫಿರಂಗಿಯ ಮೊದಲ ಗುಂಡನ್ನು ಅರಸನೇ ಹಾರಿಸುವುದು ಆ ರಾಜ್ಯದ ಪದ್ಧತಿ. ತರುಣ ಅರಸ ಬೊಮ್ಮರಸನ ಮರಣವನ್ನೇ ಹಾರೈಸುತ್ತಿದ್ದ ಪ್ರಧಾನಿ ಮಾಯಿದೇವ, ಅಂದಿನ ಹೊಸ ಫಿರಂಗಿಯ ಎರಕದಲ್ಲಿ ಬಿಟ್ಟಿದ್ದ ಬಿರುಕಿಗೆ ಮೇಣ, ಮಸಿ ಮೆತ್ತಿಸಿ ಮುಚ್ಚಿಸಿದ್ದ.

ಅವನಿಗಿದ್ದ ಅಡ್ಡಿ ಒಬ್ಬನೇ: ಫಿರಂಗಿ ಹಾರಿಸುವ ಗೋಲಂದಾಜರ ನಾಯಕ ಹುಲಿಯಪ್ಪ. ನಮ್ಮ ವಂಶದ ಮೂಲಪುರುಷ. ಜಂಬ ನಮಗೆ ಅವನಿಂದಲೇ ಇಳಿದು ಬಂದದ್ದು. ಮದ್ದು ತುಂಬುವ ಮುನ್ನ ಫಿರಂಗಿಯನ್ನು ಸುತ್ತಿಗೆಯಿಂದ ತಟ್ಟಿ, ಬಿರುಕಿದೆಯೇ ಎಂದು ನಾದ ಕೇಳದೆ ಬಿಟ್ಟವನಲ್ಲ. ಆದರೆ ಹಿಂದಿನ ದಿನ ತುಂಬಿದ ಸಭೆಯಲ್ಲಿ ಮಾಯಿದೇವ ನಯವಾಗಿ ಕೇಳಿದ್ದ:

“ಹುಲಿಯಪ್ಪನವರೇ, ಫಿರಂಗಿ ಸಿಡಿಯುವುದು ಯಾರ ದೋಷದಿಂದ?”

“ಕೈಯ ದೋಷದಿಂದ, ಪ್ರಧಾನರೇ. ಬಲ್ಲವನ ಕೈಯಲ್ಲಿ ಕಾಳಸರ್ಪವೂ ಹೂಮಾಲೆ!”

“ಹಾಗಾದರೆ ತಟ್ಟಿ ನೋಡುವುದೇಕೆ? ಅದು ಹೊಸಬರ ಕೆಲಸವಲ್ಲವೇ?”

ಸಭೆ ಘೊಳ್ಳೆಂದು ನಕ್ಕಿತು. ಮಹಾಶಯ ಆಮೇಲೆ ಸುತ್ತಿಗೆ ಮುಟ್ಟಲಿಲ್ಲ.

ಈಗ ಬುರುಜಿನ ಮೇಲೆ ಬೊಮ್ಮರಸ ಉರಿಯುವ ಬತ್ತಿಯ ಕೋಲನ್ನೆತ್ತಿದ. ಬಿಸಿಲಿಗೆ ಕಾದ ಫಿರಂಗಿಯ ಮೈಮೇಲೆ ಕರಿಯ ಹನಿಯೊಂದು ನಿಧಾನವಾಗಿ ಜಾರಿತು. ಹುಲಿಯಪ್ಪ ಅದನ್ನು ಬೆರಳಲ್ಲಿ ಒರೆಸಿ ನೋಡಿದ; ಮಸಿ ಬೆರೆತ ಮೇಣ.

“ಮಹಾಪ್ರಭು, ಬೇಡ! ಇದು ಬಿರುಕು ಬಿಟ್ಟಿದೆ.”

“ಮುದುಕನ ಕೈ ನಡುಗಿತು ನೋಡಿ!” ಎಂದ ಮಾಯಿದೇವ. “ಫಿರಂಗಿಗೆ ಯಾವ ದೋಷವೂ ಇಲ್ಲ. ಪರರಾಜ್ಯದ ದೂತರೆದುರು ಅರಸರನ್ನು ಅಂಜಿಸುವುದು ದ್ರೋಹ.”

ಬೊಮ್ಮರಸನ ಮುಖ ಕೆಂಪೇರಿತು. “ನಾವು ಹಿಂಜರಿಯೆವು. ಹುಲಿಯಪ್ಪ, ನಿನ್ನ ಕೈ ನಮ್ಮ ಕೈಮೇಲಿರಲಿ. ಬಲ್ಲವನ ಕೈ ಎಂದವನು ನೀನೇ ಅಲ್ಲವೇ?”

“ಅಂದೆ, ಪ್ರಭು. ಕೈ ಬಲ್ಲದು; ಒಡೆದ ಲೋಹಕ್ಕೆ ಕೈಯ ಗುರುತಿಲ್ಲ.”

ಹಾಗೆಂದವನೇ ಕೋಲನ್ನು ಕಸಿದುಕೊಂಡು, ಅರಸನನ್ನು ಕಲ್ಲುಗೋಡೆಯ ಹಿಂದಕ್ಕೆ ನೂಕಿ, “ಎಲ್ಲರೂ ದೂರ ಸರಿಯಿರಿ! ಸಾಕ್ಷಿ ನಾನೇ ಕೊಡುತ್ತೇನೆ” ಎಂದು ಗರ್ಜಿಸಿದ. ಎಲ್ಲರಿಗಿಂತ ಮೊದಲು ಕಂಬದ ಮರೆಗೆ ಓಡಿದವನು, ದೋಷವಿಲ್ಲವೆಂದು ಸಾರಿದ ಪ್ರಧಾನಿಯೇ. ಅದನ್ನು ಕಂಡ ಅರಸ “ನಿಲ್ಲು, ಹುಲಿಯಪ್ಪಾ!” ಎಂದು ಕೂಗುವಷ್ಟರಲ್ಲಿ ಅವನು ನಗುನಗುತ್ತಲೇ ಬತ್ತಿ ಇಟ್ಟಾಗಿತ್ತು.

ಹೊಗೆ ತಿಳಿಯಾದಾಗ ಬುರುಜಿನ ಆ ಮೂಲೆಯೇ ಇರಲಿಲ್ಲ, ಹುಲಿಯಪ್ಪನೂ ಇರಲಿಲ್ಲ. ಮಾಯಿದೇವನಿಗೆ ಅಲ್ಲೇ ಕೈಕೋಳ ಬಿತ್ತು. ಅರಸ ಮಾತ್ರ ಒಡೆದ ಬುರುಜಿನ ಅಂಚಿನಲ್ಲಿ, ಮಸಿ ಹತ್ತಿದ ನೆಲದ ಮೇಲೆ ಬರಿತಲೆಯಲ್ಲಿ ಕುಳಿತೇ ಇದ್ದ.

ಇಷ್ಟೂ ಸತ್ಯ. ನಗುನಗುತ್ತಲೇ ಎಂದೆನಲ್ಲ, ಅದೊಂದು ನಾನು ಸೇರಿಸಿದ್ದು. ಹುಲಿಯಪ್ಪನ ಕೈ ನಿಜವಾಗಿಯೂ ನಡುಗುತ್ತಿತ್ತಂತೆ.